ಹತ್ತು ಸೆಂಟಿನ ಕಾಗದ, ನೂರಮೂವತ್ತು ಡಾಲರಿನ ಕೈ

1938ರ ಏಪ್ರಿಲ್‌ನಲ್ಲಿ ಅಮೆರಿಕದ ಬೀದಿಬದಿಯ ಪತ್ರಿಕೆ ಅಂಗಡಿಗಳಿಗೆ ಒಂದು ಹೊಸ ಚಿತ್ರಕತೆ ಪುಸ್ತಕ ಬಂತು. ಹೆಸರು ‘ಆಕ್ಷನ್ ಕಾಮಿಕ್ಸ್’. ಮೊದಲ ಸಂಚಿಕೆ. ಬೆಲೆ ಹತ್ತು ಸೆಂಟು. ಮುಖಪುಟದಲ್ಲಿ ನೀಲಿ ಬಿಗಿಯುಡುಪಿನ, ಕೆಂಪು ಹೊದಿಕೆಯ ಒಬ್ಬ ಗಂಡಸು ಹಸಿರು ಕಾರೊಂದನ್ನು ತಲೆಯ ಮೇಲಕ್ಕೆತ್ತಿ ಬಂಡೆಗೆ ಅಪ್ಪಳಿಸುತ್ತಿದ್ದ. ಅವನೇ ಸೂಪರ್‌ಮ್ಯಾನ್. ಹುಡುಗರು ಕೊಂಡರು, ಓದಿದರು, ಮಡಚಿ ಜೇಬಿಗೆ ತುರುಕಿದರು, ಗೆಳೆಯನಿಗೆ ಕೊಟ್ಟರು. ಆಮೇಲೆ ಅದು ರದ್ದಿಗೆ ಹೋಯಿತು. ಅದೇ ಸಂಚಿಕೆಯ ಒಂದು ಪ್ರತಿ 2024ರ ಏಪ್ರಿಲ್‌ನಲ್ಲಿ ಹರಾಜಿಗೆ ಬಂತು. ಹೋದ ಬೆಲೆ 60 ಲಕ್ಷ ಡಾಲರ್.

ಈ ಎರಡು ಬೆಲೆಯ ಜೊತೆಗೆ ಇನ್ನೊಂದು ಬೆಲೆಯನ್ನೂ ನಾವು ಬರೆದಿಟ್ಟುಕೊಳ್ಳಬೇಕು. ಹರಾಜಿನವರು ಅದನ್ನು ಕೂಗಿ ಹೇಳುವುದಿಲ್ಲ. ಸೂಪರ್‌ಮ್ಯಾನ್ ಪಾತ್ರವನ್ನು ಹುಟ್ಟಿಸಿದ ಇಬ್ಬರು ಹುಡುಗರು ಅದರ ಸಮಸ್ತ ಹಕ್ಕನ್ನೂ ಕಂಪನಿಗೆ ಬರೆದುಕೊಟ್ಟದ್ದು 1938ರ ಮಾರ್ಚ್ 1ರಂದು. ಕೈಗೆ ಬಂದದ್ದು 130 ಡಾಲರ್. ಪುಟಕ್ಕೆ ಹತ್ತು ಡಾಲರಿನಂತೆ ಹದಿಮೂರು ಪುಟದ ಕೂಲಿ. ಇಬ್ಬರೂ ಹಂಚಿಕೊಂಡರೆ ತಲೆಗೆ 65.

ಹಳೆಯ ಕಾಮಿಕ್ಸ್ ಸಂಗ್ರಹ ಅನ್ನೋದು ಅಮೆರಿಕದಲ್ಲಿ ಈಗ ದೊಡ್ಡ ವ್ಯಾಪಾರ. ಅದರ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಕಾಗದದ ಚರಿತ್ರೆ ಬರೆಯುತ್ತಾರೆ. ಎಷ್ಟು ಪ್ರತಿ ಉಳಿದಿವೆ, ಯಾವುದು ಯಾರ ಅಟ್ಟದ ಮೇಲೆ ಸಿಕ್ಕಿತು, ಯಾವುದು ಎಷ್ಟಕ್ಕೆ ಹೋಯಿತು ಇತ್ಯಾದಿ. ನಾನಿಲ್ಲಿ ಬರೆಯಹೊರಟಿರುವುದು ಕೈಗಳ ಚರಿತ್ರೆ. ದುಡಿದ ಕೈಯ ಹೆಸರು ಅಳಿಸಿಹೋಗಿ ಆ ಕೈ ಮುಟ್ಟಿದ ಕಾಗದ ಮಾತ್ರ ಚಿನ್ನವಾಗುವುದು ಹೇಗೆ ಅಂತ ನಮಗೆ ಗೊತ್ತಿರಬೇಕು. ದೇವಸ್ಥಾನ ಕಟ್ಟಿಸಿದ ದೊರೆಯ ಹೆಸರನ್ನು ಪಠ್ಯದಲ್ಲಿ ಓದಿ, ಕಲ್ಲು ಹೊತ್ತವರ ಹೆಸರೆಲ್ಲಿ ಸಾರ್ ಅಂತ ಮೇಷ್ಟ್ರನ್ನು ಕೇಳಿದ ಹುಡುಗರಿಗೆ ಈ ಪ್ರಶ್ನೆ ಹೊಸದೇನಲ್ಲ.

ಜೆರ್ರಿ ಸೀಗಲ್, ಜೋ ಶೂಸ್ಟರ್ ಇಬ್ಬರೂ 1914ರಲ್ಲಿ ಹುಟ್ಟಿದವರು. ಕ್ಲೀವ್‌ಲೆಂಡ್ ಪಟ್ಟಣದ ಗ್ಲೆನ್‌ವಿಲ್ ಹೈಸ್ಕೂಲಿನಲ್ಲಿ ಗೆಳೆಯರಾದರು. ಯೂರೋಪಿನಿಂದ ವಲಸೆ ಬಂದ ಯಹೂದಿ ಮನೆಯ ಮಕ್ಕಳು. ಶೂಸ್ಟರನ ಅಪ್ಪ ದರ್ಜಿ. ಸೀಗಲ್‌ನ ಅಪ್ಪನದು ಬಟ್ಟೆ ಅಂಗಡಿ. 1932ರಲ್ಲಿ ಅಂಗಡಿಗೆ ಕಳ್ಳರು ನುಗ್ಗಿದ ಹೊತ್ತಲ್ಲಿ ಆತ ಅಲ್ಲೇ ಕುಸಿದು ಸತ್ತ. ದೇಶದ ತುಂಬ ಕೆಲಸವಿಲ್ಲದ ಜನ, ಗಂಜಿಗೆ ಸಾಲು ನಿಂತ ಕಾಲ. ಹಾಳೆ ಕೊಳ್ಳಲು ಕಾಸಿಲ್ಲದೆ ಶೂಸ್ಟರ್ ಸಾಮಾನು ಸುತ್ತಿ ಕೊಡುವ ಕಾಗದದ ಮೇಲೆ ಚಿತ್ರ ಬರೆಯುತ್ತಿದ್ದ. ಇವರ ಕತೆಯನ್ನು ಪತ್ರಿಕೆಗಳಿಗೆ ಚಿತ್ರಕತೆ ಒದಗಿಸುವ ಸಂಸ್ಥೆಗಳು ಒಂದಾದ ಮೇಲೊಂದು ವಾಪಸ್ಸು ಕಳಿಸಿದವು. ಆ ಕಾಲದ ಅಮೆರಿಕದಲ್ಲಿ ದೊಡ್ಡ ಜಾಹೀರಾತು ಕಂಪನಿ, ಘನವಂತ ಪತ್ರಿಕೆ ಇಂಥಲ್ಲಿ ಯಹೂದಿ ಹುಡುಗರಿಗೆ ಕೆಲಸ ಸಿಗುವುದೇ ಕಷ್ಟ. ಕಾಮಿಕ್ಸ್ ಅಂದರೆ ಕೀಳು ಕಸುಬು. ಮಾನವಂತರು ಅತ್ತ ಸುಳಿಯುತ್ತಿರಲಿಲ್ಲ. ಆದ್ದರಿಂದಲೇ ಆ ಬಾಗಿಲು ಇಂಥವರಿಗೆ ತೆರೆದಿತ್ತು.

ಮೊದಮೊದಲ ಸೂಪರ್‌ಮ್ಯಾನ್‌ನನ್ನು ಓದಿದರೆ ಈ ಬಡತನದ ಬಿಸಿ ಮೈಗೆ ತಾಕುತ್ತದೆ. ಮೊದಲ ಸಂಚಿಕೆಯಲ್ಲೇ ಅವನು ಹೆಂಡತಿಗೆ ಹೊಡೆಯುವ ಗಂಡನನ್ನು ಗೋಡೆಗೆ ಎಸೆಯುತ್ತಾನೆ. ನಿರಪರಾಧಿ ಹೆಂಗಸೊಬ್ಬಳನ್ನು ಮರಣದಂಡನೆಯಿಂದ ಬಿಡಿಸುತ್ತಾನೆ. ಲಂಚಕೋರ ಸೆನೆಟರ್‌ನ ಬೆನ್ನು ಹತ್ತುತ್ತಾನೆ. ಮೂರನೆಯ ಸಂಚಿಕೆಯಲ್ಲಿ ಗಣಿ ಕುಸಿದು ಕೂಲಿಯವನು ಸಿಕ್ಕಿಕೊಳ್ಳುತ್ತಾನೆ. ಭದ್ರತೆಗೆ ದುಡ್ಡು ಹಾಕದ ಗಣಿ ಒಡೆಯನನ್ನೂ ಅವನ ಪಾರ್ಟಿಯ ಅತಿಥಿಗಳನ್ನೂ ಸೂಪರ್‌ಮ್ಯಾನ್ ಉಪಾಯವಾಗಿ ಗಣಿಯೊಳಕ್ಕೆ ಇಳಿಸಿ, ದಾರಿ ಮುಚ್ಚಿ, ಉಸಿರು ಕಟ್ಟುವುದು ಏನು ಅಂತ ತೋರಿಸುತ್ತಾನೆ. ಎಂಟನೆಯ ಸಂಚಿಕೆಯಲ್ಲಿ ಕೊಳಚೆಗೇರಿಯ ಮುರುಕು ಮನೆಗಳನ್ನು ತಾನೇ ಕೆಡವಿಹಾಕುತ್ತಾನೆ. ಯಾಕೆಂದರೆ ಕೆಡವಿದರೆ ಸರ್ಕಾರ ಹೊಸ ಮನೆ ಕಟ್ಟಿಕೊಡಲೇಬೇಕು. ಇವನು ಬೇರೆ ಗ್ರಹದಿಂದ ಬಂದವನು ಅಂತ ಕತೆ ಹೇಳುತ್ತದೆ. ಸಿಟ್ಟು ಮಾತ್ರ ಕ್ಲೀವ್‌ಲೆಂಡ್‌ನ ದರ್ಜಿ ಮನೆಯದೇ. ಬರಬರುತ್ತಾ ಕಂಪನಿ ಬೆಳೆಯಿತು, ಸಿಟ್ಟು ಇಳಿಯಿತು. ಒಡೆಯರನ್ನು ಗಣಿಗೆ ಇಳಿಸಿದವನು ಬ್ಯಾಂಕು ದೋಚುವ ಕಳ್ಳರನ್ನು ಹಿಡಿದುಕೊಡುವ ಪೊಲೀಸನ ಹಾಗಾದ.

1947ರಲ್ಲಿ ಇಬ್ಬರೂ ಕೋರ್ಟಿಗೆ ಹೋದರು. ಮರುವರ್ಷ ರಾಜಿಯಾಯಿತು. ಸುಮಾರು 94 ಸಾವಿರ ಡಾಲರ್ ಕೊಟ್ಟು ಕಂಪನಿ ಕೈ ತೊಳೆದುಕೊಂಡಿತು. ಕೆಲಸ ಹೋಯಿತು. ಪುಸ್ತಕದ ಮೇಲಿದ್ದ ಹೆಸರೂ ಹೋಯಿತು. ಸೂಪರ್‌ಮ್ಯಾನ್ ರೇಡಿಯೋಕ್ಕೆ ಹೋದ, ಟೀವಿಗೆ ಹೋದ, ಸಿನಿಮಾಕ್ಕೆ ಹೋದ. ಸೀಗಲ್ ಕಚೇರಿಯೊಂದರಲ್ಲಿ ಗುಮಾಸ್ತನಾದ. ಶೂಸ್ಟರನ ಕಣ್ಣು ಹೆಚ್ಚುಕಡಿಮೆ ಹೋಗಿಯೇಬಿಟ್ಟಿತ್ತು; ತಮ್ಮನ ಮನೆಯಲ್ಲಿ ಇದ್ದ. 1975ರಲ್ಲಿ ಕೋಟಿಗಟ್ಟಲೆ ಖರ್ಚಿನ ಸೂಪರ್‌ಮ್ಯಾನ್ ಸಿನಿಮಾ ಬರುತ್ತದೆ ಅಂತ ಗೊತ್ತಾದಾಗ ಸೀಗಲ್ ಆ ಸಿನಿಮಾಕ್ಕೆ ಶಾಪ ಹಾಕಿ ಪತ್ರಿಕೆಗಳಿಗೆಲ್ಲ ಉದ್ದದ ಕಾಗದ ಬರೆದ. ನೀಲ್ ಆಡಮ್ಸ್, ಜೆರ್ರಿ ರಾಬಿನ್‌ಸನ್ ಎಂಬ ಚಿತ್ರಕಾರರು ಅವನ ಬೆನ್ನಿಗೆ ನಿಂತರು, ಸಹಕಲಾವಿದರನ್ನು ಕೂಡಿಸಿದರು, ಟೀವಿಯವರ ಮುಂದೆ ಕೂರಿಸಿದರು. ಕಂಪನಿಗೆ ನಾಚಿಕೆಯಾಯಿತೋ ಸಿನಿಮಾ ಕೆಡುತ್ತದೆಂಬ ಭಯವಾಯಿತೋ, ಆ ಡಿಸೆಂಬರ್‌ನಲ್ಲಿ ವರ್ಷಕ್ಕೆ ತಲಾ 20 ಸಾವಿರ ಡಾಲರ್ ಕೊಡಲು ಒಪ್ಪಿತು. ಪಾತ್ರದ ಜೊತೆಗೆ ಇಬ್ಬರ ಹೆಸರೂ ಮರಳಿ ಬಂತು. ಒಗ್ಗಟ್ಟಾದ ಮೇಲೆ ಬಂತು. ಅದಕ್ಕೆ ಮುಂಚೆ ಮೂವತ್ತೇಳು ವರ್ಷ ಕೋರ್ಟಿನಲ್ಲಾಗಲಿ ಕಂಪನಿಯಲ್ಲಾಗಲಿ ನ್ಯಾಯ ಸಿಕ್ಕಿರಲಿಲ್ಲ.

ಈ ಕತೆಗೆ ಒಂದು ಬಾಲ ಇದೆ. ಆ 130 ಡಾಲರನ್ನೂ ಬೇರೆ ಕೆಲಸಗಳ ಬಾಕಿಯನ್ನೂ ಸೇರಿಸಿ ಕಂಪನಿ ಕೊಟ್ಟಿದ್ದು 412 ಡಾಲರಿನ ಒಂದು ಚೆಕ್ಕು. ಅದರಲ್ಲಿ ಇಬ್ಬರ ಹೆಸರನ್ನೂ ತಪ್ಪಾಗಿ ಬರೆದಿದ್ದರು. ಹಿಂಬದಿಯಲ್ಲಿ ತಪ್ಪು ಹೆಸರಲ್ಲೊಂದು, ಸರಿ ಹೆಸರಲ್ಲೊಂದು ಅಂತ ಎರಡೆರಡು ಸಹಿ ಹಾಕಬೇಕಾಯಿತು. 2012ರಲ್ಲಿ ಆ ಹಳೆ ಚೆಕ್ಕೇ ಹರಾಜಾಯಿತು. ಒಂದು ಲಕ್ಷ ಅರವತ್ತು ಸಾವಿರ ಡಾಲರ್! ಮೋಸದ ರಶೀದಿಗೂ ಗಿರಾಕಿ ಉಂಟು. ಆ ಹೊತ್ತಿಗೆ ಶೂಸ್ಟರ್ ಸತ್ತು ಇಪ್ಪತ್ತು ವರ್ಷ, ಸೀಗಲ್ ಸತ್ತು ಹದಿನಾರು ವರ್ಷ.

ಬ್ಯಾಟ್‌ಮನ್ ಕತೆ ಇನ್ನೂ ಕಟು. 1939ರ ಮೇ ತಿಂಗಳ ‘ಡಿಟೆಕ್ಟಿವ್ ಕಾಮಿಕ್ಸ್’ 27ನೇ ಸಂಚಿಕೆಯಲ್ಲಿ ಬ್ಯಾಟ್‌ಮನ್ ಹುಟ್ಟಿದ. ಹೆಸರು ಬಂದದ್ದು ಬಾಬ್ ಕೇನ್ ಒಬ್ಬನದೇ. ಅವನು ಮೊದಲು ಬರೆದುಕೊಂಡು ಬಂದಿದ್ದ ಬ್ಯಾಟ್‌ಮನ್ ಕೆಂಪು ಬಟ್ಟೆಯವನು, ಬೆನ್ನಿಗೆ ಸೆಟೆದ ರೆಕ್ಕೆ. ಅವನಿಗೆ ಕಿವಿಯ ಮುಸುಕು ಹಾಕಿಸಿ, ರೆಕ್ಕೆ ತೆಗೆದು ಮೇಲುಹೊದಿಕೆ ತೊಡಿಸಿ, ಕತ್ತಲ ಬಣ್ಣ ಬಳಿಸಿ, ಬ್ರೂಸ್ ವೇಯ್ನ್ ಅಂತ ಹೆಸರಿಟ್ಟು, ಮೊದಲ ಕತೆ ಬರೆದವನು ಬಿಲ್ ಫಿಂಗರ್. ಗಾಥಮ್ ಎಂಬ ಊರಿನ ಹೆಸರು ಕೂಡ ಅವನದೇ. ಕಂಪನಿಯ ಕರಾರು ಕೇನ್ ಜೊತೆ; ಫಿಂಗರ್ ಕೇನ್‌ನ ಬಳಿ ಕೂಲಿಗೆ ಬರೆದವನು. ಗುತ್ತಿಗೆದಾರನ ಕೈಕೆಳಗೆ ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1974ರಲ್ಲಿ ಫಿಂಗರ್ ಬಡತನದಲ್ಲಿ, ಒಬ್ಬಂಟಿಯಾಗಿ ಸತ್ತ.

ಫಿಂಗರ್ ಎಂಬುವನೊಬ್ಬ ಇದ್ದ ಅಂತ ಜಗತ್ತಿಗೆ ಗೊತ್ತಾದದ್ದು ಯಾರಿಂದ? ಹಳೆ ಪುಸ್ತಕ ಕೂಡಿಡುವ ಹುಚ್ಚಿನವರಿಂದ. ಜೆರ್ರಿ ಬೇಲ್ಸ್ ಎಂಬಾತ ಡೆಟ್ರಾಯಿಟ್‌ನ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಮೇಷ್ಟ್ರು. 1961ರಲ್ಲಿ ಡೂಪ್ಲಿಕೇಟಿಂಗ್ ಯಂತ್ರದಲ್ಲಿ ಪ್ರತಿ ತೆಗೆದು ‘ಆಲ್ಟರ್ ಈಗೋ’ ಎಂಬ ಪುಟ್ಟ ಪತ್ರಿಕೆ ಶುರುಮಾಡಿದ. ಹಳೆ ಕಾಮಿಕ್ಸ್ ಮೇಲೆ ಪ್ರೀತಿ ಇದ್ದವರೆಲ್ಲ ಅಂಚೆಯಲ್ಲೇ ಒಬ್ಬರಿಗೊಬ್ಬರು ಪರಿಚಯವಾದರು. 1965ರಲ್ಲಿ ನ್ಯೂಯಾರ್ಕಿನ ಸಮ್ಮೇಳನಕ್ಕೆ ಫಿಂಗರ್ ಬಂದು ಮಾತಾಡಿದ. ಅದೇ ವರ್ಷ ಬೇಲ್ಸ್ ಅವನನ್ನು ಕಂಡು ಕೇಳಿ, ಬ್ಯಾಟ್‌ಮನ್ ಹಿಂದೆ ಈ ಮನುಷ್ಯನ ದುಡಿಮೆ ಇದೆ ಅಂತ ಬರೆದ. ಕೇನ್ ಕೆಂಡವಾದ, ಅಲ್ಲಗಳೆದು ಬಹಿರಂಗ ಪತ್ರ ಬರೆದ. 1989ರ ಆತ್ಮಕತೆಯಲ್ಲಿ ಫಿಂಗರ್‌ನ ಪಾಲನ್ನು ಅವನೇ ಒಪ್ಪಿಕೊಂಡ. ಕಂಪನಿ ಆ ಹೆಸರನ್ನು ಒಪ್ಪಿ ಅಚ್ಚು ಹಾಕಲು 2015 ಆಗಬೇಕಾಯಿತು. ಪಾತ್ರ ಹುಟ್ಟಿ ಎಪ್ಪತ್ತಾರು ವರ್ಷ. ಬೇಲ್ಸ್ ಮತ್ತವನ ಗೆಳೆಯರು ಎಪ್ಪತ್ತರ ದಶಕದಲ್ಲಿ ಅಮೆರಿಕದ ಕಾಮಿಕ್ಸ್ ಕೆಲಸಗಾರರ ಹೆಸರಿನ ದೊಡ್ಡ ಪಟ್ಟಿಯನ್ನೇ ಅಚ್ಚು ಹಾಕಿದರು: ಯಾರು ಬರೆದರು, ಯಾರು ಪೆನ್ಸಿಲ್ ಎಳೆದರು, ಯಾರು ಶಾಯಿ ತುಂಬಿದರು. ಸಹಿ ಇಲ್ಲದ ಚಿತ್ರದ ಗೆರೆ ನೋಡಿಯೇ ಕೈ ಯಾರದು ಅಂತ ಗುರುತು ಹಿಡಿಯುತ್ತಿದ್ದರು. ಇದು ಒಂದು ಬಗೆಯ ಸಂಗ್ರಹ.

ಇನ್ನೊಂದು ಬಗೆಯದು ಪೇಟೆಯ ಸಂಗ್ರಹ. ಹಳೆ ಕಾಮಿಕ್ಸ್ ಅಪರೂಪ ಆದದ್ದು ಯಾಕೆ ಅಂತ ಮೊದಲು ನೋಡೋಣ. ಎರಡನೇ ಮಹಾಯುದ್ಧದಲ್ಲಿ ಸರ್ಕಾರ ಹಳೆ ಕಾಗದ ಕೇಳಿತು. ಮಕ್ಕಳೇ ಗಾಡಿಯಲ್ಲಿ ತುಂಬಿಕೊಂಡು ಹೋಗಿ ಕೊಟ್ಟರು. ಆಮೇಲೆ ಬೆಂಕಿ. ಕಾಮಿಕ್ಸ್ ಓದಿದರೆ ಮಕ್ಕಳು ಕೆಡುತ್ತಾರೆ ಅಂತ 1948ರ ಅಕ್ಟೋಬರ್‌ನಲ್ಲಿ ಪಶ್ಚಿಮ ವರ್ಜೀನಿಯಾದ ಸ್ಪೆನ್ಸರ್ ಊರಿನ ಶಾಲೆಯ ಮಕ್ಕಳ ಕೈಯಲ್ಲೇ ಸುಮಾರು ಎರಡು ಸಾವಿರ ಪುಸ್ತಕ ಸುಡಿಸಿದರು. ಹಿಟ್ಲರನ ಪುಸ್ತಕದ ಬೆಂಕಿ ಆರಿ ಇನ್ನೂ ಹೆಚ್ಚು ವರ್ಷ ಆಗಿರಲಿಲ್ಲ. ಹೀಗೆ ಸುಟ್ಟು, ಕೊಳೆತು, ರದ್ದಿಯಾಗಿ ಅಳಿದುಳಿದದ್ದಕ್ಕೆ 1970ರಲ್ಲಿ ರಾಬರ್ಟ್ ಓವರ್‌ಸ್ಟ್ರೀಟ್ ಎಂಬಾತ ದರಪಟ್ಟಿ ಪುಸ್ತಕ ತಂದ. ಪ್ರೀತಿ ಇದ್ದಲ್ಲಿ ದರ ಬಂತು. 2000ದಲ್ಲಿ ದರ್ಜೆ ಹಾಕುವ ಕಂಪನಿಯೂ ಬಂತು. ಪುಸ್ತಕವನ್ನು ಪರೀಕ್ಷೆ ಮಾಡಿ, ಹತ್ತಕ್ಕೆ ಇಷ್ಟು ಅಂತ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೊಹರು ಮಾಡಿ ಕೊಡುತ್ತಾರೆ. ಆಮೇಲೆ ಅದನ್ನು ತೆರೆಯುವ ಹಾಗಿಲ್ಲ. ತೆರೆದರೆ ಅಂಕ ಹೋಯಿತು. ಯಾವ ಮಗುವಿನ ಬೆರಳ ಗುರುತೂ ಇಲ್ಲದ, ಮಡಿಕೆ ಬೀಳದ, ಓದಿಸಿಕೊಳ್ಳದ ಪ್ರತಿಗೇ ಹೆಚ್ಚು ಬೆಲೆ. ಅಂದರೆ ಓದಿದವನು ಪುಸ್ತಕವನ್ನು ಮೈಲಿಗೆ ಮಾಡಿದ ಅಂತ ಲೆಕ್ಕ! ಮಡಿಯ ಶಾಸ್ತ್ರ ನಮ್ಮ ಅಗ್ರಹಾರಗಳಲ್ಲಿ ಮಾತ್ರ ಇದೆ ಅಂದುಕೊಂಡಿದ್ದವರು ಈ ಡಬ್ಬಿಯನ್ನು ನೋಡಬೇಕು.

ಇಷ್ಟು ಹೊತ್ತು ಹೇಳಿದ್ದು ಬರೆದ ಕೈಗಳ ಪಾಡು. ಬರೆಸಿಕೊಂಡ ಮುಖಗಳ ಪಾಡು ಬೇರೆ. ಸುವರ್ಣಯುಗ ಅಂತ ಸಂಗ್ರಹಕಾರರು ಕರೆಯುವ ಆ ಮೂವತ್ತು ನಲವತ್ತರ ದಶಕದ ಪುಟಗಳಲ್ಲಿ ಕಪ್ಪು ಜನ ಕಾಣುವುದು ಹೇಗೆ? ಊದಿದ ತುಟಿ, ಮಿಡುಕುವ ಕಣ್ಣು, ಮುರುಕು ಮಾತು, ಆಳಿನ ಕೆಲಸ. 1940ರಲ್ಲಿ ವಿಲ್ ಐಸ್ನರ್‌ನ ‘ದಿ ಸ್ಪಿರಿಟ್’ ಬಂತು. ಕಲೆಯ ದೃಷ್ಟಿಯಿಂದ ಇವತ್ತಿಗೂ ಹೊಗಳುವ ಕೃತಿ. ಅದರಲ್ಲೂ ಎಬೊನಿ ಎಂಬ ಹುಡುಗನನ್ನು ಹೀಗೇ ಬರೆದರು. ತಾವೇ ಅವಮಾನ ಉಂಡಿದ್ದ ಯಹೂದಿ ಹುಡುಗರ ಕುಂಚ ಕೂಡ ತಮಗಿಂತ ಕೆಳಗಿದ್ದವರನ್ನು ಕಂಡಾಗ ಯಜಮಾನನ ಕಣ್ಣನ್ನೇ ಎರವಲು ತಂದಿತು. ಏಣಿಯಲ್ಲಿ ಒಂದು ಮೆಟ್ಟಿಲು ಮೇಲಿದ್ದವನು ಕೆಳಗಿನ ಮೆಟ್ಟಿಲನ್ನು ತುಳಿಯುವುದು ನಮಗೆ ಗೊತ್ತಿಲ್ಲದ ಸಂಗತಿಯೇ?

ಆದರೆ ಇದನ್ನು ಓದಿ ಸುಮ್ಮನಿರದ ಮಕ್ಕಳೂ ಇದ್ದರು. ‘ಕ್ಯಾಪ್ಟನ್ ಮಾರ್ವೆಲ್’ ಕತೆಗಳಲ್ಲಿ ಸ್ಟೀಮ್‌ಬೋಟ್ ಎಂಬ ಆಳು ಇದ್ದ. ಯೂತ್‌ಬಿಲ್ಡರ್ಸ್ ಎಂಬ ಸಂಘದ ನ್ಯೂಯಾರ್ಕ್ ಶಾಲಾ ಮಕ್ಕಳು, ಕಪ್ಪು ಬಿಳಿ ಎರಡೂ ಬಣ್ಣದವರು, ಫಾಸೆಟ್ ಕಂಪನಿಯ ಸಂಪಾದಕನ ಕಚೇರಿಗೇ ಹೋಗಿ ಕೂತರು. ಲಕ್ಷಾಂತರ ಓದುಗರು ಈ ಮುಖವನ್ನೇ ಒಂದು ಜನಾಂಗದ ಮುಖ ಅಂತ ನಂಬುತ್ತಾರೆ ಅಂತ ವಾದ ಮಾಡಿದರು. 1945ರಲ್ಲಿ ಸ್ಟೀಮ್‌ಬೋಟ್ ಪುಟದಿಂದ ಇಳಿದ. ನಮ್ಮ ಹಳ್ಳಿ ಶಾಲೆಯ ಮೇಷ್ಟ್ರುಗಳು ಇದನ್ನು ನೆನಪಿಟ್ಟುಕೊಳ್ಳಬೇಕು. ಶಾಲೆಯ ಮಕ್ಕಳು ಮಾಡಿದ ಕೆಲಸ ಇದು.

ಈ ಮುಖಗಳು ನಮ್ಮೂರಿಗೂ ಬಂದವು. ಟೈಮ್ಸ್ ಆಫ್ ಇಂಡಿಯಾ ಸಂಸ್ಥೆ 1964ರಲ್ಲಿ ಶುರುಮಾಡಿದ ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲೂ ಬಂತು. ಅದರ ದೊಡ್ಡ ನಾಯಕ ಫ್ಯಾಂಟಮ್. ಲೀ ಫಾಕ್ 1936ರಲ್ಲಿ, ಅಂದರೆ ಸೂಪರ್‌ಮ್ಯಾನ್‌ಗಿಂತ ಎರಡು ವರ್ಷ ಮುಂಚೆ, ಹುಟ್ಟಿಸಿದ ಪಾತ್ರ. ಕಾಡಿನ ನಡುವೆ ತಲೆಬುರುಡೆಯ ಸಿಂಹಾಸನದ ಮೇಲೆ ಬಿಳಿಯ ಕೂರುತ್ತಾನೆ. ಅವನ ಅಪ್ಪ, ತಾತ, ಮುತ್ತಾತ ಅಲ್ಲೇ ಕೂತಿದ್ದವರು. ಸುತ್ತ ಕಾವಲು ನಿಂತ ಕುಳ್ಳ ಕಪ್ಪು ಜನದ ಹೆಸರು ಬಂದರ್. ಹಿಂದಿಯಲ್ಲಿ ಬಂದರ್ ಅಂದರೆ ಕೋತಿ. ನಾಯಕನ ಮುಷ್ಟಿಯ ಗುರುತು ಮಾತ್ರ ನಮ್ಮ ಹುಡುಗರ ನೋಟುಬುಕ್ಕಿಗೆ ಇಳಿಯಿತು. ಕಾವಲು ನಿಂತವರ ಮುಖ ಯಾರದು ಅಂತ ಕೇಳಲು ಪುಟದಲ್ಲಿ ಜಾಗವೇ ಇರಲಿಲ್ಲ.

ಕೇಳಿದವನೊಬ್ಬ ಫಿಲಡೆಲ್ಫಿಯಾದಲ್ಲಿದ್ದ. ಆರಿನ್ ಇವಾನ್ಸ್. ಕಪ್ಪು ಪತ್ರಕರ್ತ. ‘ಫಿಲಡೆಲ್ಫಿಯಾ ರೆಕಾರ್ಡ್’ ಎಂಬ ಬಿಳಿಯರ ದಿನಪತ್ರಿಕೆಯಲ್ಲಿ ವರದಿಗಾರನಾಗಿ ದುಡಿದವನು. ಸೈನ್ಯದೊಳಗಿನ ವರ್ಣಭೇದದ ಬಗ್ಗೆ 1944ರಲ್ಲಿ ಲೇಖನಮಾಲೆ ಬರೆದವನು. 1947ರಲ್ಲಿ ಮುಷ್ಕರದ ನಂತರ ಆ ಪತ್ರಿಕೆ ಮುಚ್ಚಿತು. ಇವಾನ್ಸ್ ಕೆಲವು ಹಳೆ ಸಹೋದ್ಯೋಗಿಗಳನ್ನು ಸೇರಿಸಿಕೊಂಡು ಸ್ವಂತ ಕಾಮಿಕ್ಸ್ ತೆಗೆದ. ‘ಆಲ್-ನೀಗ್ರೋ ಕಾಮಿಕ್ಸ್’, 1947ರ ಜೂನ್, 48 ಪುಟ, 15 ಸೆಂಟು. ಆ ಕಾಲದಲ್ಲಿ ಕಪ್ಪು ಜನ ತಮ್ಮನ್ನು ತಾವು ಕರೆದುಕೊಳ್ಳುತ್ತಿದ್ದ ಹೆಸರು ಅದು. ಪುಸ್ತಕದ ಕಲಾವಿದರು ಕಪ್ಪು ಜನ. ಅದರ ಏಸ್ ಹಾರ್ಲೆಮ್ ಕಪ್ಪು ಪತ್ತೇದಾರ. ಲಯನ್ ಮ್ಯಾನ್ ಓದಿದ ಕಪ್ಪು ವಿಜ್ಞಾನಿ; ಆಫ್ರಿಕಾದ ಗೋಲ್ಡ್‌ಕೋಸ್ಟಿನಲ್ಲಿ ಯುರೇನಿಯಂ ಬೆಟ್ಟವನ್ನು ದುರಾಸೆಯವರಿಂದ ಕಾಯಲು ವಿಶ್ವಸಂಸ್ಥೆ ಕಳಿಸಿದವನು. ಸಿಂಹಾಸನವಿಲ್ಲ, ಬಿಳಿ ಒಡೆಯನಿಲ್ಲ. ಚಿತ್ರ ಬರೆದವನು ಇವಾನ್ಸ್‌ನ ತಮ್ಮ ಜಾರ್ಜ್.

ಎರಡನೆಯ ಸಂಚಿಕೆಗೆ ಚಿತ್ರ, ಕತೆ ಎಲ್ಲ ಸಿದ್ಧವಾಗಿತ್ತು. ಕಾಗದ ಸಿಗಲಿಲ್ಲ. ಮೊದಲ ಸಂಚಿಕೆಗೆ ಕಾಗದ ಕೊಟ್ಟವರು ಎರಡನೆಯದಕ್ಕೆ ಕೊಡಲಿಲ್ಲ. ಬೇರೆಯವರೂ ಕೊಡಲಿಲ್ಲ. ಅಲ್ಲಿಗೆ ನಿಂತಿತು. ಕತೆ ಇತ್ತು, ಕೈ ಇತ್ತು, ಓದುವವರೂ ಇದ್ದರು. ಕಾಗದ ಮಾತ್ರ ಇನ್ನೊಬ್ಬರ ಗೋದಾಮಿನಲ್ಲಿತ್ತು. ಪ್ರೆಸ್ಸಿನ ಬಾಕಿ ತೀರಿಸಲಾಗದೆ ಎರಡನೇ ಸಂಚಿಕೆಗೇ ಸತ್ತ ಪತ್ರಿಕೆಗಳನ್ನು ಕಂಡ ನಮಗೆ ಆ ಮನುಷ್ಯನ ಸಂಕಟ ಅರ್ಥವಾಗುತ್ತದೆ. ಇವಾನ್ಸ್ ಪತ್ರಕರ್ತನಾಗಿಯೇ ದುಡಿದು 1971ರಲ್ಲಿ ತೀರಿಕೊಂಡ. ಅವನ ಆ ಒಂದೇ ಸಂಚಿಕೆ ಈಗ ಸಂಗ್ರಹಕಾರರು ಹುಡುಕಾಡುವ ಅಪರೂಪದ ಪ್ರತಿ. ಕಾಗದ ಕೊಡದೆ ಕೊಂದ ಪೇಟೆಯೇ ಅದರ ಕಾಗದಕ್ಕೆ ಬೆಲೆ ಕಟ್ಟುತ್ತಿದೆ.

ಕಪ್ಪು ಮುಖದ ಭಯ ಪೇಟೆಯನ್ನು ಎಷ್ಟು ಕಾಡುತ್ತಿತ್ತು ಅನ್ನೋದಕ್ಕೆ ಇನ್ನೊಂದು ಪ್ರಸಂಗ ಸಾಕು. 1953ರಲ್ಲಿ ಇ.ಸಿ. ಎಂಬ ಸಣ್ಣ ಕಂಪನಿ ‘ಜಡ್ಜ್‌ಮೆಂಟ್ ಡೇ’ ಎಂಬ ಕತೆ ಪ್ರಕಟಿಸಿತು. ಯಂತ್ರಮಾನವರ ಒಂದು ಗ್ರಹ. ಕಿತ್ತಳೆ ಬಣ್ಣದವರು ಮೇಲು, ನೀಲಿ ಬಣ್ಣದವರು ಕೀಳು. ಒಳಗಿನ ತಂತಿ, ತಿರುಪು ಎಲ್ಲ ಒಂದೇ. ನೀಲಿಯವರಿಗೆ ಮಾತ್ರ ಬೇರೆ ಕೇರಿ, ಬೇರೆ ಕೆಲಸ. ಭೂಮಿಯಿಂದ ಬಂದ ತನಿಖಾಧಿಕಾರಿ ಇದನ್ನೆಲ್ಲ ನೋಡಿ, ನೀವಿನ್ನೂ ನಮ್ಮ ಗಣರಾಜ್ಯಕ್ಕೆ ಸೇರಲು ಯೋಗ್ಯರಲ್ಲ ಅಂತ ಹೇಳಿ ಹೊರಡುತ್ತಾನೆ. ಕೊನೆಯ ಚಿತ್ರದಲ್ಲಿ ಶಿರಸ್ತ್ರಾಣ ತೆಗೆಯುತ್ತಾನೆ. ಅವನು ಕಪ್ಪು ಮನುಷ್ಯ. ಹಣೆಯ ಮೇಲೆ ಬೆವರು. 1954ರಲ್ಲಿ ಕಾಮಿಕ್ಸ್ ಕಂಪನಿಗಳು ಸೇರಿ ನೀತಿಸಂಹಿತೆ ಮಾಡಿಕೊಂಡವು. 1956ರಲ್ಲಿ ಈ ಕತೆಯನ್ನು ಮರುಮುದ್ರಿಸಲು ಹೋದರೆ, ಅವನು ಕಪ್ಪು ಆಗಕೂಡದು ಅಂದಿತು ಆ ನೀತಿಯ ಕಚೇರಿ. ಪ್ರಕಾಶಕ ಗೇಯ್ನ್ಸ್ ಜಗ್ಗಲಿಲ್ಲ. ಕತೆ ಇದ್ದ ಹಾಗೇ ಅಚ್ಚಾಯಿತು. ಅದೇ ಆ ಕಂಪನಿಯ ಕೊನೆಯ ಕಾಮಿಕ್ಸ್ ಪುಸ್ತಕ.

ಹತ್ತು ವರ್ಷ ಬಿಟ್ಟು, 1966ರಲ್ಲಿ, ಮಾರ್ವೆಲ್ ಕಂಪನಿಯ ಪುಟದಲ್ಲಿ ‘ಬ್ಲ್ಯಾಕ್ ಪ್ಯಾಂಥರ್’ ಬಂದ. ಕಪ್ಪು ದೊರೆ, ಕಪ್ಪು ವಿಜ್ಞಾನಿ. ಅದೇ ವರ್ಷದ ಕೊನೆಗೆ ಅದೇ ಹೆಸರಿನ ಪಕ್ಷ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿತು. ಆ ಪಕ್ಷದ ಹೆಸರಿನ ಕಿಡಿಯೇ 1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರ್‌ಗೆ ಬಂದದ್ದು. ಈ ಪಾತ್ರವನ್ನು ಸ್ಟಾನ್ ಲೀ ಜೊತೆ ಹುಟ್ಟಿಸಿದವನು ಜ್ಯಾಕ್ ಕರ್ಬಿ, ನ್ಯೂಯಾರ್ಕಿನ ಬಡ ಕೇರಿಯ ಬಟ್ಟೆ ಕಾರ್ಖಾನೆ ಕೆಲಸಗಾರನ ಮಗ. 1940ರ ಕೊನೆಗೆ, ಅಮೆರಿಕ ಯುದ್ಧಕ್ಕೆ ಇಳಿಯುವ ಒಂದು ವರ್ಷ ಮುಂಚೆಯೇ, ಹಿಟ್ಲರನ ದವಡೆಗೆ ಗುದ್ದುವ ಕ್ಯಾಪ್ಟನ್ ಅಮೆರಿಕನನ್ನು ಜೋ ಸೈಮನ್ ಜೊತೆ ಬರೆದವನೂ ಅವನೇ. ತಾನು ಬರೆದ ಮೂಲ ಹಾಳೆಗಳನ್ನಾದರೂ ಕೊಡಿ ಅಂತ ಎಂಬತ್ತರ ದಶಕದಲ್ಲಿ ವರ್ಷಗಟ್ಟಲೆ ಕಾದಾಡಿದ. 1987ರಲ್ಲಿ ಕೈಗೆ ಬಂದದ್ದು ಸುಮಾರು ಎರಡು ಸಾವಿರ ಹಾಳೆ. ಬರೆದದ್ದು ಅದರ ಹಲವು ಪಟ್ಟು. 1994ರಲ್ಲಿ ಸತ್ತ. ಅವನ ಮಕ್ಕಳ ಜೊತೆ ಕಂಪನಿ ರಾಜಿಯಾದದ್ದು 2014ರಲ್ಲಿ. 2018ರ ‘ಬ್ಲ್ಯಾಕ್ ಪ್ಯಾಂಥರ್’ ಸಿನಿಮಾ ಗಳಿಸಿದ್ದು 130 ಕೋಟಿ ಡಾಲರಿಗೂ ಮಿಕ್ಕಿ.

ಇಷ್ಟೆಲ್ಲ ಹೇಳಿ, ಸಂಗ್ರಹ ಮಾಡುವುದೇ ತಪ್ಪು ಅಂತ ನಾನು ಹೇಳಲಾರೆ. ಹಳೆಯದನ್ನು ಯಾರೂ ಕೂಡಿಡದೆ ಇದ್ದಿದ್ದರೆ ಗಣಿ ಒಡೆಯನನ್ನು ಗಣಿಗೆ ಇಳಿಸಿದ ಸೂಪರ್‌ಮ್ಯಾನ್ ನಮಗೆ ಸಿಗುತ್ತಿರಲಿಲ್ಲ. ಇವಾನ್ಸ್‌ನ ಒಂದೇ ಸಂಚಿಕೆಯೂ ಸಿಗುತ್ತಿರಲಿಲ್ಲ. ಬೇಲ್ಸ್ ಮೇಷ್ಟ್ರು ಕೂಡಿಟ್ಟದ್ದಕ್ಕೂ ಪ್ಲಾಸ್ಟಿಕ್ ಡಬ್ಬಿಯವರು ಕೂಡಿಡುವುದಕ್ಕೂ ಇರುವ ಅಂತರವನ್ನು ನಾವು ಗುರುತಿಸಬೇಕು. ಒಬ್ಬ ಪುಸ್ತಕ ಬಿಚ್ಚಿ, ಓದಿ, ಮುಟ್ಟಿ, ಬೆರಳು ಹೊಲಸು ಮಾಡಿಕೊಂಡು ಅದರೊಳಗೆ ಹೂತುಹೋದ ಹೆಸರನ್ನು ಅಗೆದು ತೆಗೆದ. ಇನ್ನೊಬ್ಬ ಅದನ್ನು ಮೊಹರು ಮಾಡಿ ಲಾಕರಿನಲ್ಲಿಟ್ಟ.

ಮೇಷ್ಟ್ರುಗಳಲ್ಲಿ, ವಿದ್ಯಾರ್ಥಿ ಗೆಳೆಯರಲ್ಲಿ ಒಂದು ಮಾತು. ಮಕ್ಕಳ ಕೈಗೆ ಚಿತ್ರಕತೆ ಬಂದಾಗ ನಾಯಕ ಯಾರು ಅಂತ ಕೇಳಿದ ಮೇಲೆ ಇನ್ನೂ ಮೂರು ಪ್ರಶ್ನೆ ಕೇಳಿ. ಇದನ್ನು ಬರೆದವರು ಯಾರು? ಅವರ ಹೆಸರು ಎಲ್ಲಿದೆ? ಮೂಲೆಯಲ್ಲಿ ಆಳಾಗಿ ನಿಂತವನ ಮುಖವನ್ನು ಹೀಗೆ ಯಾಕೆ ಬರೆದಿದ್ದಾರೆ? ನ್ಯೂಯಾರ್ಕಿನ ಮಕ್ಕಳು 1945ರಲ್ಲಿ ಹೀಗೇ ಕೇಳಿದರು. ನಮ್ಮ ಮಕ್ಕಳೂ ಕೇಳಬಲ್ಲರು.